ಹಮೀದಾ ಆಪಾರ ಬಾಗಿಲು ತೆರೆದ ಭಾನುವಾರ

ಕಲಬುರಗಿ
ಫೆಬ್ರವರಿ ೩೦, ೨೧೬೩

ನನಗಿಂತ ಬಹಳ ಮೊದಲು ಈ ಓಣಿಯಲ್ಲಿ ಬಾಳುತ್ತಿರುವ ನಿಮಗೆ,

ಜಗದೇವಿಯ ಶರಣಾರ್ಥಿಗಳು. ಮೇಲಿನ ತಾರೀಖು ಕಂಡು ತಪ್ಪೆಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೆ ಮೂವತ್ತು ದಿನ. ಗುರುತಿಲ್ಲದ ಪದಗಳು ಬಂದರೆ ಕ್ಷಮಿಸಬೇಕು. ಬದುಕು ಬದಲಾದಂತೆ ಅವೂ ಹುಟ್ಟಿಕೊಂಡವು.

ಅಂಥದ್ದೊಂದು ಪದ ‘ಬಿಡೂರು’. ಬಿಸಿಲು ತಾಳದೆ ಜನ ಬಿಟ್ಟು ಹೋಗುತ್ತಿರುವ, ಇನ್ನು ನೀರು ಕಳಿಸುವುದೂ ದಂಡವೆಂದು ಸರ್ಕಾರ ತೀರ್ಮಾನಿಸಿದ ಊರಿಗೆ ಆ ಹೆಸರು. ಕಲಬುರಗಿಯನ್ನು ಬಿಡೂರೆಂದು ಸಾರುವ ಮಾತು ಎದ್ದಾಗ ನಮ್ಮ ಓಣಿಯಲ್ಲಿ ಕೆಲವೇ ಮನೆಗಳಲ್ಲಿ ಒಲೆ ಉರಿಯುತ್ತಿತ್ತು. ಇಲ್ಲಿ ಸಂತೆ, ಶಾಲೆ ಎಲ್ಲವೂ ಬೆಳಗಿನಲ್ಲೇ ಮುಗಿಯುತ್ತವೆ. ಬಿಸಿಲೇರಿದ ಮೇಲೆ ನೆಲದಡಿಯ ‘ತಂಪುಕೋಣೆ’ಗೆ ಇಳಿಯುತ್ತೇವೆ. ಗಿಡಗಳನ್ನು ಎತ್ತರದ ಗೋಡೆಗಳ ನಡುವೆ, ಹಳೆ ಸೀರೆಗಳ ಚಪ್ಪರ ಕಟ್ಟಿ, ಸ್ನಾನದ ನೀರು ಉಣಿಸಿ ಬೆಳೆಸುತ್ತೇವೆ. ಬೀದಿಯಲ್ಲಿ ನಿಂತವರಿಗೆ ಕಾಣುವುದು ಬರೀ ಸುಟ್ಟ ಗೋಡೆ. ಒಳಗೆ ನನ್ನದು ತೊಂಡೆ, ಕರಿಬೇವು, ದಾಸವಾಳ. ಪಕ್ಕದ ಮನೆಯ, ನನಗೆ ಅಕ್ಕನಂತಿದ್ದ ಹಮೀದಾ ಆಪಾರದು ಅಂಜೂರ, ಪುದೀನ, ಗೋಡೆ ಮುಚ್ಚಿದ ಮಲ್ಲಿಗೆ. ಗಂಡ ತೀರಿಕೊಂಡ ಮೇಲೆ ನಾನು ಮಾತನಾಡುತ್ತಿದ್ದದ್ದು ಅವರೊಬ್ಬರ ಜೊತೆ, ಗೋಡೆಯ ಈಚೆ ನಿಂತು.

ಒಂದು ದಿನ ಅವರೇ ಅಂದರು: “ಊರು ಸತ್ತದ ಅಂತಾರ ಮಂದಿ. ಬಾಗಲಾ ತಗದು ತೋರಸಮು, ಜಗದೇವಿ. ನೋಡಿದ ಮ್ಯಾಲೂ ಸತ್ತದ ಅಂದ್ರ, ಅನ್ಲಿ.”

“ಯಾರ್ ಬರ್ತಾರ ಆಪಾ, ಈ ಬಿಸಲಾಗ?”

“ಬರ್ಲಿಲ್ಲಂದ್ರ ನೀ ನಂದು ನೋಡು, ನಾ ನಿಂದು ನೋಡ್ತೀನಿ.”

ಉಳಿದ ಮನೆಯವರೂ ಸೇರಿದರು. ಯಾರಿಗೂ ಸಂಬಳವಿಲ್ಲ. ಭಾನುವಾರ ಬೆಳಗ್ಗೆ ಸರದಿಯ ಮೇಲೆ ಒಬ್ಬೊಬ್ಬರು ಬಂದವರನ್ನು ಮನೆ ಮನೆಗೆ ಕರೆದೊಯ್ಯಬೇಕು. ಅದಕ್ಕೆ ‘ತೋಟಸುತ್ತು’ ಎಂದು ಹೆಸರಿಟ್ಟು ದೂರದ ಊರುಗಳಿಗೆಲ್ಲ ಸುದ್ದಿ ಕಳಿಸಿದೆವು. ಮೊದಲ ಭಾನುವಾರ ಯಾರೂ ಬರಲಿಲ್ಲ. ಆಪಾ ನಗುತ್ತಾ ನನ್ನ ತೊಂಡೆ ಚಪ್ಪರದಡಿ ಬಂದು ಕೂತು, ಹೊಸದಾಗಿ ನೋಡುವವರ ಹಾಗೆ ಪ್ರತಿ ಗಿಡವನ್ನೂ ವಿಚಾರಿಸಿದರು.

ಆಮೇಲೆ ಬಿಸಿಲು ಅವರ ಎದೆಗೆ ಹತ್ತಿತು. ಎರಡು ಹೆಜ್ಜೆ ಇಟ್ಟರೆ ಏದುಸಿರು. ಮಗಳು ಬಂದು ಮಡಿಕೇರಿಗೆ ಕರೆದೊಯ್ದಳು. ಹೊರಡುವಾಗ ಕೀಲಿಕೈ ನನ್ನ ಅಂಗೈಗೆ ಒತ್ತಿ, “ನಂದೂ ತಗದಿಡು” ಎಂದರು.

ನಾನು ಎರಡೂ ಬಾಗಿಲು ತೆರೆದಿಟ್ಟು ಕಾಯುತ್ತಿದ್ದೆ. ಪಾಳು ಊರಿನ ಚಿತ್ರ ತೆಗೆಯಲು ಕಾರವಾರದಿಂದ ಬಂದಿದ್ದ ಕೆಲವರು ಮಲ್ಲಿಗೆಯ ವಾಸನೆ ಹಿಡಿದು ಒಳಗೆ ಬಂದರು. ಅವರಲ್ಲೊಬ್ಬ ಹೆಂಗಸು ಆಪಾರ ಗೋಡೆಯ ಮಲ್ಲಿಗೆಗೆ ಮುಖವೊಡ್ಡಿ ನಿಂತುಬಿಟ್ಟಳು. ಅವರು ತೆಗೆದ ಚಿತ್ರಗಳು ನಾಡೆಲ್ಲ ಹರಡಿದವು. ಮುಂದಿನ ಚಳಿಗಾಲಕ್ಕೆ ಓಣಿ ಹಿಡಿಯದಷ್ಟು ಜನ. ಕಲಬುರಗಿಯನ್ನು ‘ಒಳತೋಟಗಳ ಊರು’ ಎಂದು ಹೊಗಳಿದರು. ಬಿಡೂರಿನ ಮಾತು ನಿಂತಿತು, ನೀರು ಉಳಿಯಿತು, ಹೋದವರಲ್ಲಿ ಕೆಲವರು ಮರಳಿದರು.

ಆಪಾರಿಗೆ ಫೋನು ಮಾಡಿದೆ.

“ನನ್ನ ಬಾಗಲದಾಗೂ ಮಂದಿ ಚಪ್ಪಲ್ ಬಿಟ್ರೇನು?”

“ಬಿಟ್ರು ಆಪಾ. ಕಾಲಿಡ್ಲಿಕ್ಕ ಜಾಗಾ ಇರ್ಲಿಲ್ಲ.”

ಏದುಸಿರಿನಲ್ಲೇ “ನಾ ಬರ್ತೀನಿ” ಎಂದರು. ಬರಲಾಗಲಿಲ್ಲ. ಮಳೆಗಾಲ ಮುಗಿಯುವ ಮೊದಲೇ ಆಪಾ ತೀರಿಕೊಂಡ ಸುದ್ದಿಯನ್ನು ಮಗಳು ತಿಳಿಸಿದಳು.

ಈಗ ಆ ಮನೆಯಲ್ಲಿ ಬೇರೆಯವರಿದ್ದಾರೆ. ಒಳ್ಳೆಯ ಜನ, ಗಿಡಗಳನ್ನು ಚೆನ್ನಾಗಿ ನೋಡಿಕೊಂಡಿದ್ದಾರೆ. ಭಾನುವಾರ ನೂರಾರು ಮಂದಿಗೆ ನಾನು ಗಿಡದ ಹೆಸರು ಹೇಳುತ್ತೇನೆ. ಅವರು ಚಪ್ಪಾಳೆ ತಟ್ಟಿ ಹೊರಟುಹೋಗುತ್ತಾರೆ. ಆಮೇಲೆ ಸೋಮವಾರ ಬರುತ್ತದೆ. ಆ ದಿನ ನಾನು ಬಾಯಿ ತೆರೆಯುವ ಪ್ರಸಂಗವೇ ಬರುವುದಿಲ್ಲ.

ನಿಮ್ಮಲ್ಲಿ ಒಂದೇ ಬೇಡಿಕೆ. ಇಂದು ಸಂಜೆ ಪಕ್ಕದ ಮನೆಗೆ ಹೋಗಿ, ಏನು ಬೆಳೆದಿದ್ದಾರೆಂದು ಕೇಳಿ. ಇನ್ನಷ್ಟು ಹೊತ್ತು ಕೂಡ್ರಿ ಎಂದು ಅವರಂದರೆ, ಕೆಲಸವಿದೆಯೆಂದು ಏಳಬೇಡಿ.

ಇಂತು,
ಇನ್ನೂ ಹುಟ್ಟದ ನಿಮ್ಮ ಓಣಿಯವಳು,
ಜಗದೇವಿ