ಡ್ರಮ್ಮಿನ ಮುಚ್ಚಳ ತೆಗೀಬೇಡ

ಅಕ್ಕ,

ಎಬ್ಬಿಸಿದರೆ ಬೈತೀಯ ಅಂತ ಬರೆದಿಟ್ಟು ಕೊಣನೂರಿಗೆ ಹೊರಟೆ. ಬಿಸಿಲಲ್ಲಿ ನೀರು ಕಾಯಿಸೋಕೆ ನಾನು ಮಾಡಿರೋ ಡ್ರಮ್ಮಿನಂಥದ್ದೇ ಅಲ್ಲೊಬ್ಬರಿಗೆ ಬೇಕಂತೆ. ಸಂಜೆ ಬಸ್ಸಿಗೆ ಬರ್ತೀನಿ.

ಹಾಲು ಕಾಯಿಸಿದೀನಿ, ಆರಿದ ಮೇಲೆ ಫ್ರಿಜ್ಜಿಗಿಡು.

ತಾರಸಿ ಮೇಲಿನ ಡ್ರಮ್ಮಿನ ಮುಚ್ಚಳ ಮಾತ್ರ ತೆಗೀಬೇಡ. ನಿನ್ನೆ ಬಿಸಿ ಇದೆಯಾ ಅಂತ ಕೈ ಅದ್ದಿ ನೋಡಿದೆಯಲ್ಲ, ಎರಡು ಕಂಬಳಿ ಸುತ್ತಿ ಹಿಡಿದಿಟ್ಟ ಶಾಖವೆಲ್ಲ ಹೋಯ್ತು. ಥರ್ಮಾಮೀಟರ್ ಇರೋದು ಯಾಕೆ ಹೇಳು?

ಇವತ್ತು ನೀರು ತುಂಬೋ ಹಬ್ಬ. ಡ್ರಮ್ಮು ಬಂದ ಮೇಲೆ ಅವ್ವನ ಹಂಡೆ ಅಟ್ಟ ಸೇರಿತ್ತಲ್ಲ, ಇಳಿಸಿ ಹುಣಸೆಹಣ್ಣು ಹಾಕಿ ತಿಕ್ಕಿಟ್ಟಿದೀನಿ. ನೀನು ಅದಕ್ಕೆ ಸುಣ್ಣದ ಗೆರೆ ಎಳೆದಿರು. ಕತ್ತಿಗೆ ಸುತ್ತೋ ಹಾಗಲಬಳ್ಳಿ ನಾನು ತರ್ತೀನಿ.

ಹಬ್ಬದ ಎಣ್ಣೆಸ್ನಾನದ ಬೆಳಗ್ಗೆ ಹಂಡೆ ಒಲೆಯ ಹೊಗೆ ಕಣ್ಣಿಗೆ ತುಂಬಿ ನಾವಿಬ್ಬರೂ ಅಳ್ತಿದ್ದರೆ ಅವ್ವ, "ಅಲ್ಲಾಡ್ಬ್ಯಾಡ ಕಣ್ಲಾ, ಎಣ್ಣೆ ಓಗ್ಬೇಕು" ಅಂತ ಚೊಂಬು ಚೊಂಬು ಹುಯ್ಯೋಳು. ಆ ಹೊಗೆ ತಪ್ಪಿಸೋಕೇ ಈ ಡ್ರಮ್ಮು ಮಾಡಿದ್ದು. ಈಗ ನೋಡು, ಅದೇ ಹೊಗೆ ಬೇಕು ಅನ್ನಿಸ್ತದೆ.

ನಾಳೆ ಬೆಳಗ್ಗೆ ಒಲೆ ಹಚ್ಚು. ತೆಂಗಿನ ಮಟ್ಟೆ ಹಿತ್ತಲಲ್ಲಿದೆ. ನನ್ನ ತಲೆಗೆ ನೀನೇ ಹುಯ್ಯಬೇಕು. ಬಿಸಿ ಎಷ್ಟಿದೆ ಅಂತ ಕೈ ಅದ್ದೇ ನೋಡು. ಥರ್ಮಾಮೀಟರ್ ನನ್ನ ಕೈಗೂ ಸಿಗದ ಹಾಗೆ ಎತ್ತಿಟ್ಟಿದೀನಿ.

ಅಶೋಕ