ಬ್ಯಾನರಿನಲ್ಲಿ ಉಳಿದ ಭುಜ

ಕಮಲಾಪುರ,
ಭಾನುವಾರ, ೧೧ ಆಗಸ್ಟ್ ೨೦೨೪

ಯಶೋಧರೆಯ ಅಪ್ಪನವರಿಗೆ ರಮಾಬಾಯಿಯ ಜೈಭೀಮ.

ನಿಮ್ಮ ಸೊಂಟನೋವು ಹೇಗಿದೆ? ದಿನವಿಡೀ ಕ್ರೇನಿನ ಮೇಲೆ ಕೂತು ಬೆನ್ನು ಹಿಡಿದಿದೆ ಎಂದು ಹೋದ ವಾರ ನೀವೇ ಹೇಳಿದಿರಿ, ಮರುದಿನ ಕೇಳಿದರೆ "ಏನೂ ಆಗಿಲ್ಲ ಬಿಡು" ಎಂದಿರಿ. ನಿಮ್ಮ ಈ "ಏನೂ ಆಗಿಲ್ಲ" ಎಂಥದ್ದೆಂದು ನನಗೆ ಗೊತ್ತಿಲ್ಲವೇ? ಮಕ್ಬೂಲಣ್ಣ ಇವತ್ತು ಬಾಳೆಹಣ್ಣಿನ ಲೋಡು ತೆಗೆದುಕೊಂಡು ಪುಣೆಗೆ ಹೊರಟಿದ್ದಾನೆ. ಅವನ ಕೈಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಸೊಂಟಕ್ಕೆ ಎಣ್ಣೆ ಕಳಿಸುತ್ತಿದ್ದೇನೆ. ರೊಟ್ಟಿ ಬೇಕಾದರೆ ರೂಮಿನವರಿಗೆಲ್ಲ ಹಂಚಿ, ಎಣ್ಣೆ ಮಾತ್ರ ನೀವೇ ಹಚ್ಚಿಕೊಳ್ಳಿ. ಇಲ್ಲಿ ನಿಮ್ಮವ್ವ ಗಟ್ಟಿ ಇದ್ದಾಳೆ. ಯಶುವಿನ ಮುಂದಿನ ಹಲ್ಲು ಬಿದ್ದಿದೆ, ಅದನ್ನು ನಿಮಗೆ ತೋರಿಸಲಿಕ್ಕೆಂದು ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾಳೆ.

ಫೋನು ಇರುವಾಗ ಪತ್ರ ಯಾಕೆ ಎನ್ನುತ್ತೀರಿ. ಫೋನು ಬಂದ ತಕ್ಷಣ ನಿಮ್ಮವ್ವ ಸ್ಪೀಕರ್ ಹಾಕುತ್ತಾಳೆ, ಓಣಿಯ ಅರ್ಧ ಮಂದಿ ನಮ್ಮ ಕಟ್ಟೆಯ ಮೇಲೆ ಕೂತು ಕೇಳುತ್ತಾರೆ. ಆ ಕಡೆ ನಿಮ್ಮ ರೂಮಿನವರ ಗದ್ದಲ. ಅದರ ನಡುವೆ ನಾನು ಅರ್ಧ ಮಾತು ಆಡಿದರೆ ಉಳಿದರ್ಧ ನೀವೇ ಮುಗಿಸಿ "ಆತು, ಇಡ್ತೀನಿ" ಎನ್ನುತ್ತೀರಿ. ಕಾಗದಕ್ಕಾದರೆ ನನ್ನನ್ನು ತಡೆಯುವ ಬಾಯಿಲ್ಲ.

ದಣಿದಿದ್ದೇನೆ ರೀ. ಯಾರ ಮುಂದೆಯೂ ಹೇಳಿಲ್ಲ, ನಿಮ್ಮ ಮುಂದೆ ಹೇಳುತ್ತಿದ್ದೇನೆ. ಮೂರು ವರ್ಷ ಹುಮನಾಬಾದಿನಿಂದ ಬರುವ ಬಸ್ಸಿಗೆ ಜೋತುಬಿದ್ದು ಕಲಬುರಗಿಗೆ ಹೋಗಿ ಬಂದೆ. ಅದು ಇಲ್ಲಿಗೆ ಬರುವಷ್ಟರಲ್ಲೇ ತುಂಬಿರುತ್ತದೆ. ನಿಂತೇ ಓದಿದ್ದೇನೆ, ನಿಂತೇ ನಿದ್ದೆಯನ್ನೂ ಮಾಡಿದ್ದೇನೆ. ಪಾಲಿಟೆಕ್ನಿಕ್ಕಿನ ಮೊದಲ ದಿನ ನಾನು ಕ್ಲಾಸಿಗೆ ಕಾಲಿಟ್ಟಾಗ ಹುಡುಗರೆಲ್ಲ ಎದ್ದು ನಿಂತು "ಗುಡ್ ಮಾರ್ನಿಂಗ್ ಮ್ಯಾಮ್" ಎಂದದ್ದನ್ನು ಕೇಳಿ ನೀವು ಬಿದ್ದು ಬಿದ್ದು ನಕ್ಕಿದ್ದಿರಿ. ನಾನು ಅವತ್ತು ಬಸ್ಸಿನಲ್ಲಿ ಅತ್ತಿದ್ದೆ. ಕಲಬುರಗಿಯ ರೋಜಾ ಓಣಿಯ ಆ ಹುಡುಗಿ ಬುಶ್ರಾ ಪಕ್ಕದಲ್ಲಿ ಜಾಗ ಕೊಡದೆ ಹೋಗಿದ್ದರೆ ಒಂದೇ ವಾರಕ್ಕೆ ಬಿಟ್ಟುಬಿಡುತ್ತಿದ್ದೆ. ನನ್ನ ಅರ್ಧ ವಯಸ್ಸಿನವಳು, ಪ್ರೋಗ್ರಾಮು ಓಡದೆ ನಾನು ತಲೆ ಹಿಡಿದುಕೊಂಡಾಗಲೆಲ್ಲ "ಆಪಾ, ಡರೋ ನಕ್ಕೋ, ಹೆದರಬ್ಯಾಡ ಅಕ್ಕಾ" ಎಂದು ನನ್ನ ಡಬ್ಬಿಯ ರೊಟ್ಟಿ ತಾನು ತಿಂದು, ತನ್ನ ಡಬ್ಬಿಯ ಅನ್ನ ನನಗೆ ಬಡಿಸುತ್ತಿದ್ದಳು. ಹಾಗೂ ಹೀಗೂ ಐ.ಟಿ. ಡಿಪ್ಲೊಮಾ ಮುಗಿಯಿತು.

ಮುಗಿದ ಸುದ್ದಿ ನಾನು ಹೇಳುವ ಮೊದಲೇ ಬ್ಯಾನರು ಹೇಳಿತು ಬಿಡಿ. ನಿಮಗೆ ಫೋಟೋ ಬಂದಿದೆಯಂತೆ, ಆದರೂ ಬರೆಯುತ್ತೇನೆ, ಸಿಟ್ಟು ಇನ್ನೂ ಇಳಿದಿಲ್ಲ. ನಿಮ್ಮವ್ವ ಓಣಿಯ ಹುಡುಗರಿಗೆ ಚಹಾ ಕುಡಿಸಿ, ನನಗೊಂದು ಮಾತೂ ಕೇಳದೆ, ಕ್ರಾಸಿನಲ್ಲಿ ಆಳೆತ್ತರದ ಬ್ಯಾನರು ಕಟ್ಟಿಸಿದಳು. "ನಮ್ಮ ಊರಿನ ಹೆಮ್ಮೆ, ಇಂಜಿನಿಯರ್ ರಮಾಬಾಯಿ." ಬೇರೆ ಒಳ್ಳೆಯ ಫೋಟೋ ಸಿಗಲಿಲ್ಲವೆಂದು ನಮ್ಮ ಮದುವೆಯ ಫೋಟೋ ಕೊಟ್ಟಿದ್ದಾಳೆ. ಅವರು ನಿಮ್ಮನ್ನು ಕತ್ತರಿಸಿದ್ದಾರೆ, ಪೂರಾ ಅಲ್ಲ. ನನ್ನ ಪಕ್ಕದಲ್ಲಿ ನಿಮ್ಮ ಭುಜವೊಂದು, ಅದರ ಮೇಲೆ ಅರ್ಧ ಹಾರ. ಯಶು ತನ್ನ ಗೆಳತಿಯರಿಗೆಲ್ಲ ಆ ಭುಜ ತೋರಿಸಿ "ಇವ್ರೇ ನಮ್ಮಪ್ಪ" ಎನ್ನುತ್ತಾಳೆ.

ಇಂಜಿನಿಯರ್ ಎಂದು ಊರೆಲ್ಲ ಒಪ್ಪಿಕೊಂಡುಬಿಟ್ಟಿದೆ. ಎದುರುಮನೆ ಚಂದಮ್ಮ "ಏ ಇಂಜಿನಿಯರಬಾಯಿ, ಮಿಕ್ಸಿ ತಿರುಗವಲ್ದು, ನೋಡವಾ" ಎಂದು ಮಿಕ್ಸಿ ತಂದಿಟ್ಟು ಹೋಗಿದ್ದಾಳೆ. ಡಿಪ್ಲೊಮಾ ಮುಗಿದರೆ ಇಂಜಿನಿಯರ್ ಆಗುವುದಿಲ್ಲ ಎಂದು ಯಾರಿಗೆಂದು ಹೇಳಲಿ? ಪ್ರವೇಶ ಪರೀಕ್ಷೆ ಬರೆದು ಪಾಸಾದರೆ ಯೂನಿವರ್ಸಿಟಿಯ ಇಂಜಿನಿಯರಿಂಗಿಗೆ ನೇರವಾಗಿ ಎರಡನೆಯ ವರ್ಷಕ್ಕೆ ಸೇರಬಹುದು, ಅಲ್ಲಿಂದ ಇನ್ನೂ ಮೂರು ವರ್ಷ ಓದಬೇಕು. ಆ ಪರೀಕ್ಷೆಯನ್ನೂ ಬರೆದೆ. ಸೀಟು ಬಂದಿದೆ, ಕಲಬುರಗಿಯಲ್ಲೇ. ನಿಮಗೆ ಇಷ್ಟು ದಿನ ಹೇಳದೆ ಇದ್ದದ್ದು ಇದನ್ನೇ.

ಯಾಕೆ ಹೇಳಲಿಲ್ಲ ಗೊತ್ತೇ? ನೀವು ಹೋಗುವಾಗ ಕ್ರಾಸಿನಲ್ಲಿ ಬಸ್ಸಿನ ಬಾಗಿಲು ಹಿಡಿದು "ನಿನ್ನ ಡಿಪ್ಲೊಮಾ ಮುಗೀಲಿ, ಮರುದಿನಾನೇ ಗಂಟು ಕಟ್ಟಿ ಬಂದ್ಬಿಡ್ತೀನಿ" ಎಂದಿದ್ದಿರಿ. ಆ ಮಾತನ್ನೇ ಹಿಡಿದುಕೊಂಡು ಇಷ್ಟು ದೂರ ಬಂದೆ. ಈಗ ಇನ್ನೂ ಮೂರು ವರ್ಷ ಎಂದರೆ ನೀವು "ಹಂಗಾರ ನಾನೂ ಇನ್ನಾ ಮೂರು ವರ್ಷ ಇಲ್ಲೇ ಇರ್ತೀನಿ, ನೀ ಓದು" ಎಂದೇ ಹೇಳುತ್ತೀರಿ. ನೀವು ಬೇಡ ಎಂದೀರಿ ಎಂಬ ಹೆದರಿಕೆ ನನಗಿಲ್ಲ. ಹೂಂ ಎಂದೀರಿ ಎಂಬುದೇ ಹೆದರಿಕೆ. ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯ ಒಂದು ಆಫೀಸಿನಲ್ಲಿ ಕಂಪ್ಯೂಟರ್ ಕೆಲಸಕ್ಕೆ ಕರೆದಿದ್ದಾರೆ. ಅದಕ್ಕೆ ಸೇರಿದರೆ ಓದು ಇಲ್ಲಿಗೇ ಮುಗಿಯುತ್ತದೆ, ನೀವೂ ಬಂದುಬಿಡಬಹುದು.

ಬುಧವಾರ ನಿಮ್ಮವ್ವನ ಮುಂದೆ ಬಾಯಿಬಿಟ್ಟೆ. ರಸ್ತೆಬದಿಯಲ್ಲಿ ಕೆಂಪು ಬಾಳೆಯ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಯಾರೋ ಕಾರಿನವರು ಬಂದು ಬಣ್ಣ ನೋಡಿಯೇ ಒಂದು ಹಣಿಗೆ ಹಣ್ಣು ಎತ್ತಿಕೊಂಡರು. "ಬಣ್ಣಕ್ಕ ಮರುಳಾಗಬ್ಯಾಡ್ರಿ ಯಪ್ಪಾ, ಇದು ಕಾಯಿ ಇದ್ದಾಗೂ ಕೆಂಪೇ. ತೊಟ್ಟಿನ ಕಡೆ ಒತ್ತಿ ನೋಡಿ ಒಯ್ಯಿರಿ" ಎಂದು ಅವರ ಕೈಯಿಂದ ಕಸಿದು ಬೇರೆ ಕೊಟ್ಟಳು. ಅವರು ಹೋದ ಮೇಲೆ ನಾನು ಎಲ್ಲ ಹೇಳಿದೆ, ಬ್ಯಾನರು ಸುಳ್ಳು, ನಾನಿನ್ನೂ ಇಂಜಿನಿಯರ್ ಅಲ್ಲ ಎಂದು. ಪೂರಾ ಕೇಳಿಸಿಕೊಂಡಳು. ಆಮೇಲೆ ನನ್ನ ತೋಳನ್ನು ಹೆಬ್ಬೆರಳಿನಿಂದ ಒತ್ತಿ, "ಅಂದ್ರ ನೀನೂ ಮ್ಯಾಲಷ್ಟೇ ಕೆಂಪು, ಒಳಗ ಇನ್ನಾ ಕಾಯಿ ಅನ್ನು" ಎಂದಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಮಾಡಿದೆ.

ಇದಿಷ್ಟು ಇಲ್ಲಿಯ ಸುದ್ದಿ. ಸೀಟು ಉಳಿಸಿಕೊಳ್ಳಬೇಕಾದರೆ ಈ ವಾರದೊಳಗೆ ಕಾಲೇಜಿಗೆ ಹೋಗಬೇಕು. ಹೋಗಲೋ, ಆಫೀಸಿನ ಕೆಲಸ ಹಿಡಿಯಲೋ, ನೀವೇ ಹೇಳಿ. ವೇಳೆಗೆ ಸರಿಯಾಗಿ ಉಣ್ಣಿ. ಮಳೆಯಲ್ಲಿ ಕ್ರೇನು ಹತ್ತಬೇಡಿ, ಮುಕಾದಮ ಬೈದರೆ ಬೈಯಲಿ. ನಿಮ್ಮವ್ವ ಆಶೀರ್ವಾದ ಹೇಳಿದ್ದಾಳೆ, ಯಶು ಮುತ್ತು ಕಳಿಸಿದ್ದಾಳೆ, ಚಂದಮ್ಮ ತನ್ನ ಮಿಕ್ಸಿಯನ್ನು ಕೇಳಿದ್ದಾಳೆ.

ನಿಮ್ಮ ದಾರಿ ನೋಡುತ್ತಿರುವ
ರಮಾಬಾಯಿ

ತಾ.ಕ.: ಮಕ್ಬೂಲಣ್ಣ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. "ನೀವೇ ಹೇಳಿ" ಎಂದು ಮೇಲೆ ಬರೆದದ್ದು ಸುಳ್ಳು. ಶುಕ್ರವಾರವೇ ಹೋಗಿ ಕಾಲೇಜಿಗೆ ಸೇರಿ ಬಂದೆ. ನಿಮ್ಮವ್ವ ಬುಟ್ಟಿಯನ್ನು ಚಂದಮ್ಮನಿಗೆ ಒಪ್ಪಿಸಿ ತಾನೇ ಕರೆದುಕೊಂಡು ಹೋದಳು. ನಾನು ಓದುತ್ತೇನೆ ಎಂದು ನೀವು ಇನ್ನೂ ಮೂರು ವರ್ಷ ಅಲ್ಲಿ ಕೂಡುವುದು ಮಾತ್ರ ಬೇಡ. ಕ್ರೇನು ಈ ಕಡೆಯೂ ಇವೆ, ಮಕ್ಬೂಲಣ್ಣ ವಿಚಾರಿಸಿದ್ದಾನೆ, ಅವನನ್ನೇ ಕೇಳಿ. ಹೋದ ವಾರದ ಗಾಳಿಮಳೆಗೆ ಬ್ಯಾನರು ಹರಿದು ನನ್ನ ಮುಖ ಹಾರಿಹೋಯಿತು, ನಿಮ್ಮ ಭುಜ ಮಾತ್ರ ತಂತಿಗೆ ಸಿಕ್ಕಿಕೊಂಡಿದೆ. ಯಶು ದಿನಾ ಅದಕ್ಕೆ ಕೈಬೀಸಿ ಶಾಲೆಗೆ ಹೋಗುತ್ತಾಳೆ. ನನಗೆ ನೋಡಲಾಗುವುದಿಲ್ಲ ರೀ. ಬಂದುಬಿಡಿ.