ನಾನು ನೋಡದ ಲಿಫ್ಟ್

ಮನೆಯಿಂದ,
ಜೂನ್ 12, ಗುರುವಾರ ಸಂಜೆ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಪರವೂರಿನ ಸೈಟಿನ ಧೂಳಿಗೆ ಮತ್ತೆ ಕೆಮ್ಮು ಶುರುವಾಯಿತಂತೆ. ಮಾಸ್ಕ್ ಜೇಬಿನಲ್ಲಿಟ್ಟುಕೊಂಡರೆ ಕೆಮ್ಮು ನಿಲ್ಲುವುದಿಲ್ಲ. ಅಮ್ಮ ಚೆನ್ನಾಗಿದ್ದಾರೆ. ನಾನು ಚೆನ್ನಾಗಿಲ್ಲ, ಉರಿಯುತ್ತಿದ್ದೇನೆ. ಫೋನ್ ಮಾಡಿದರೆ ನೀನು ನಗಿಸಿ ಜಾರಿಕೊಳ್ಳುತ್ತೀಯ, ಅದಕ್ಕೇ ಈ ಕಾಗದ. ನಾಳೆ ಅಲ್ಲಿಗೆ ಹೊರಟಿರುವ ನಿನ್ನ ಸಹೋದ್ಯೋಗಿಯ ಕೈಯಲ್ಲಿ ಕೊಡುತ್ತೇನೆ.

ಮಂಗಳವಾರ ನಿಮ್ಮ ಕಟ್ಟಡದ ಲಿಫ್ಟ್‌ಗೆ ಒಂದು ವರ್ಷದ ಸುರಕ್ಷತಾ ಪ್ರಮಾಣಪತ್ರ ಸಿಕ್ಕಿದೆ. ಕೆಳಗೆ ಇನ್ಸ್‌ಪೆಕ್ಟರ್ ಎಂದು ನನ್ನ ಸಹಿ ಇದೆ. ಈ ವರ್ಷ ನಾನು ಆ ಲಿಫ್ಟ್ ಪರೀಕ್ಷಿಸಿಯೇ ಇಲ್ಲ. ವಿಷಯ ತಿಳಿಸಿದವಳು ನಿನ್ನ ಹೆಂಡತಿ: "ಅಕ್ಕಾ, ಲಿಫ್ಟು ನೆಲಕ್ಕಿಂತ ಗೇಣು ಕೆಳಗೆ ನಿಲ್ತಿದೆ. ಅತ್ತೆಗೆ ಹೇಳಿದ್ರೆ, ನನ್ನ ಮಗಳ ಸಹಿ ಇದೆ, ನೀನು ಸುಮ್ನಿರು ಅಂತಾರೆ." ಊರುಗೋಲು ಹಿಡಿದ ಅಮ್ಮ ಗೇಣು ಕೆಳಗೆ ಕಾಲಿಟ್ಟರೆ ಏನಾಗುತ್ತದೆಂದು ನಿನಗೆ ಬಿಡಿಸಿ ಹೇಳಬೇಕೆ?

ಆಗಿದ್ದಿಷ್ಟು. ನಿವಾಸಿಗಳ ಸಂಘದ ಕಾರ್ಯದರ್ಶಿಯಾದ ನೀನು ಪ್ರಮಾಣಪತ್ರದ ನವೀಕರಣಕ್ಕೆಂದು ಅಲ್ಲಿಂದಲೇ ನಮ್ಮ ಕಚೇರಿಯ ಎಐ ಏಜೆಂಟ್‌ಗೆ ಅರ್ಜಿ ಹಾಕಿದೆ. ಅದು ಹಳೆಯ ವರದಿಗಳನ್ನು ಓದಿತು. ಎಲ್ಲದರಲ್ಲೂ "ದೋಷವಿಲ್ಲ". ಹಾಗಾದರೆ ಭೇಟಿಯೇ ಬೇಡ ಎಂದು ತಾನೇ ತೀರ್ಮಾನಿಸಿ, ರಜೆ, ಭತ್ಯೆಯಂಥ ಸಣ್ಣ ಕಾಗದಗಳಿಗೆಂದು ನಮ್ಮಿಂದ ಪಡೆದಿದ್ದ ಡಿಜಿಟಲ್ ಸಹಿಯನ್ನು ಒತ್ತಿತು. ದೋಷವಿಲ್ಲವಂತೆ! ನಮ್ಮ ಕೆಲಸದ ರೀತಿ ಅದಕ್ಕೇನು ಗೊತ್ತು? ಪ್ರತಿ ಸಲವೂ ನಾನು ಕ್ಯಾಬಿನ್ನಿನ ತಲೆಯ ಮೇಲೆ ಹತ್ತಿ ನಿಂತು, ಬ್ರೇಕ್ ಸವೆದಿದ್ದರೆ ಮೆಕ್ಯಾನಿಕ್‌ನನ್ನು ಅಲ್ಲೇ ನಿಲ್ಲಿಸಿಕೊಂಡು ಸರಿಮಾಡಿಸಿ, ಆಮೇಲೆ "ದೋಷವಿಲ್ಲ" ಎಂದು ವರದಿ ಬರೆದಿದ್ದೇನೆ. ಎಲ್ಲ ಇನ್ಸ್‌ಪೆಕ್ಟರುಗಳೂ ಹಾಗೇ. ನಾವು ಹೋದದ್ದರಿಂದ ದೋಷ ಉಳಿಯಲಿಲ್ಲ. ದೋಷ ಉಳಿಯದ್ದರಿಂದ ನಾವೇ ಬೇಡವಾದೆವು.

ಮುಖ್ಯ ಎಂಜಿನಿಯರ್ ಬಳಿ ಹೋದೆ. "ಏಜೆಂಟ್ ತಪ್ಪು ಮಾಡಿರ್ಬಹುದು ಮೇಡಂ, ಆದ್ರೆ ಸಹಿ ನಿಮ್ದೇ ಅಲ್ವಾ?" ಎಂದರು. ಕೆಲಸ ಅದರದು, ಜೈಲು ನನ್ನದು. ರದ್ದು ಮಾಡಿ ಎಂದು ಅರ್ಜಿ ಕೊಟ್ಟರೆ ಅದನ್ನು ಪರಿಶೀಲಿಸುವುದೂ ಅದೇ ಏಜೆಂಟ್. ಕಳ್ಳನ ಕೈಗೇ ಕೀಲಿಕೈ. ಇನ್ನು ನೀನು! "ಅಕ್ಕಾ, ಹತ್ತು ದಿನದ ಕೆಲ್ಸ ಎರಡೇ ನಿಮಿಷಕ್ಕೆ ಆಯ್ತು ನೋಡು, ನೀನಿನ್ನು ಆರಾಮ್" ಎಂದು ಸಂದೇಶ ಕಳಿಸಿದ್ದೀಯ, ಕೊನೆಗೊಂದು ನಗುಮುಖ ಬೇರೆ. ಅಕ್ಕ ಲಿಫ್ಟ್ ನೋಡಲು ಬಂದಿದ್ದಳೇ ಎಂದು ಮನೆಯಲ್ಲಿ ಒಂದು ಮಾತು ಕೇಳಲು ನಿನಗೇನಾಗಿತ್ತು? ನಿಮ್ಮ ಕಟ್ಟಡಕ್ಕೆ ಬಂದವಳು ಅಮ್ಮನ ಕೈಯ ಕಾಫಿ ಕುಡಿಯದೆ ಎಂದಾದರೂ ಹೋಗಿದ್ದೇನೆಯೇ?

ಬೈದದ್ದು ಸಾಕು. ಔಷಧಿ ತಪ್ಪಿಸಬೇಡ. ದೇವರು ನಿನಗೆ ಆಯುಷ್ಯದ ಜೊತೆ ಸ್ವಲ್ಪ ಬುದ್ಧಿಯನ್ನೂ ಕೊಡಲಿ.

ನಿನ್ನ ಅಕ್ಕ

ಬರೆಯದೆ ಬಿಟ್ಟದ್ದು: ಅಮ್ಮ ಈಗ ನನ್ನ ಮನೆಯಲ್ಲಿದ್ದಾರೆ. ನಿನ್ನೆ ನಾನೇ ಲಿಫ್ಟ್‌ನ ವಿದ್ಯುತ್ ತೆಗೆದು ಬೀಗ ಹಾಕಿ ಬಂದೆ. ಕೀಲಿ ನನ್ನ ಬಳಿ ಇದೆ. ಪ್ರಮಾಣಪತ್ರವಿರುವ ಲಿಫ್ಟನ್ನು ನಿಲ್ಲಿಸಿದೆನೆಂದು ನನಗೇ ನೋಟಿಸ್ ಬಂದಿದೆ, ಕೆಲಸ ಹೋಗಬಹುದು. ನೋಟಿಸ್ ಬರೆದದ್ದೂ ಆ ಏಜೆಂಟೇ. "ಈ ವರ್ಷ ಯಾರೂ ಬಂದು ನೋಡಿಲ್ಲ" ಎಂದು ಕಾರ್ಯದರ್ಶಿಯಾಗಿ ನೀನೇ ಬಂದು ಹೇಳಬೇಕು. ವಿಚಾರಣೆ ಸೋಮವಾರ ಬೆಳಿಗ್ಗೆ ಹತ್ತಕ್ಕೆ, ಕಚೇರಿಯ ಎರಡನೇ ಮಹಡಿಯಲ್ಲಿ.